ಕೈತಪ್ಪುವುದು, ಕೈಬಿಡುವುದು

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಎರಡೂ ತುದಿ ಚೂಪಾಗಿರುವ, ಸುಮಾರು 400 ಗ್ರಾಂ ತೂಕದ ಚೆಂಡನ್ನು ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರ ದೂರಕ್ಕೆ ಎಸೆಯುತ್ತಾನೆ. ಎದುರಾಳಿಗಳನ್ನು ತಪ್ಪಿಸಿಕೊಂಡು ಮುಂದೆ ಓಡಿದ ರಿಸೀವರ್ ಅದನ್ನು ಹಿಡಿಯಬೇಕು. ಹಿಡಿದರೆ ತಂಡ ಅಷ್ಟು ಗಜ ಮುಂದೆ ಸಾಗಿದಂತೆ. ಕೈಗೆ ಬಂದದ್ದು ಜಾರಿ ನೆಲಕ್ಕೆ ಬಿದ್ದರೆ ಅದನ್ನು ‘ಡ್ರಾಪ್’ ಎನ್ನುತ್ತಾರೆ. ಶರತ್ಕಾಲದ ಶನಿವಾರಗಳಲ್ಲಿ ಈ ಆಟ ಆಡುವವರಲ್ಲಿ ಹೆಚ್ಚಿನವರು ಹದಿನೆಂಟರಿಂದ ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿನ ಕಾಲೇಜು ವಿದ್ಯಾರ್ಥಿಗಳು. ನೋಡುವವರ ಲೆಕ್ಕ ಬೇಕೆಂದರೆ, ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣ ಒಂದರಲ್ಲೇ 1,07,601 ಆಸನಗಳಿವೆ. ಟಿವಿಯ ಮುಂದೆ ಕೂತವರು ಬೇರೆ.

ಒಬ್ಬ ರಿಸೀವರ್ ಒಂದು ಶನಿವಾರ ಎರಡು ಚೆಂಡು ಬಿಟ್ಟ, ಮುಂದಿನ ಶನಿವಾರ ಇನ್ನೊಂದು ಬಿಟ್ಟ ಎಂದುಕೊಳ್ಳಿ. ಅಭಿಮಾನಿಗಳ ಪ್ರತಿಕ್ರಿಯೆ ಮೆಟ್ಟಿಲಿಳಿದಂತೆ ಇಳಿಯುತ್ತಾ ಹೋಗುತ್ತದೆ. ಮೊದಲು ಇಡೀ ಕ್ರೀಡಾಂಗಣದ ‘ಅಯ್ಯೋ’. ಆಮೇಲೆ, ಕೈಗೆ ಬೆಣ್ಣೆ ಹಚ್ಚಿಕೊಂಡು ಬಂದಿದ್ದಾನೆ ಎಂಬ ತಮಾಷೆ. ಆಮೇಲೆ, ಅವನನ್ನು ಹೊರಗೆ ಕೂರಿಸಿ ಎಂಬ ಬೇಡಿಕೆ. ಇನ್ನೂ ಇಳಿದರೆ ಅವನ ವಿದ್ಯಾರ್ಥಿವೇತನ, ಅವನ ಮನೆಯವರು, ಅವನ ಮೈಬಣ್ಣ ಎಲ್ಲವೂ ಮಾತಿಗೆ ಬರುತ್ತವೆ. ಕೊನೆಯ ಮೆಟ್ಟಿಲಲ್ಲಿ ನೇರವಾಗಿ ಅವನ ಫೋನಿಗೇ ಹೋಗುವ ಬೈಗುಳ, ಬೆದರಿಕೆ. ಮೊದಲ ಮೆಟ್ಟಿಲಿಗೆ ಯಾರ ಆಕ್ಷೇಪವೂ ಇರಲಾರದು. ಕೊನೆಯದನ್ನು ಬಹಿರಂಗವಾಗಿ ಸಮರ್ಥಿಸುವವರೂ ಸಿಗಲಾರರು. ತಪ್ಪು ಯಾವ ಮೆಟ್ಟಿಲಲ್ಲಿ ಶುರುವಾಗುತ್ತದೆ, ಯಾಕೆ ಶುರುವಾಗುತ್ತದೆ ಎನ್ನುವುದೇ ಪ್ರಶ್ನೆ. ಈಗ ಆಡುತ್ತಿರುವ ಯಾವ ವಿದ್ಯಾರ್ಥಿಯ ಹೆಸರನ್ನೂ ನಾನಿಲ್ಲಿ ಎತ್ತುವುದಿಲ್ಲ. ಎತ್ತಿದರೆ ಈ ಪ್ರಬಂಧವೂ ಆ ಮೆಟ್ಟಿಲುಗಳಲ್ಲೇ ಎಲ್ಲೋ ನಿಂತುಬಿಡುತ್ತದೆ.

ಈ ಪ್ರಶ್ನೆಯನ್ನು ಯೋಚಿಸಲು ಕನ್ನಡದಲ್ಲಿ ಒಂದು ಅನುಕೂಲವಿದೆ. ನಮ್ಮಲ್ಲಿ ‘ಕೈ’ ಜೊತೆಗೆ ಸೇರುವ ಕ್ರಿಯಾಪದಗಳು ಬಹಳ: ಕೈಹಿಡಿ, ಕೈಕೊಡು, ಕೈಗೂಡು, ಕೈಚೆಲ್ಲು, ಕೈತಪ್ಪು, ಕೈಬಿಡು. ಕೈತಪ್ಪುವುದು ತಾನಾಗಿ ಆಗುವಂಥದ್ದು. ಬಸ್ಸು ಕೈತಪ್ಪುತ್ತದೆ, ಅವಕಾಶ ಕೈತಪ್ಪುತ್ತದೆ, ತೊಳೆಯುತ್ತಿದ್ದ ಲೋಟ ಕೈತಪ್ಪುತ್ತದೆ. ಕೈಬಿಡುವುದು ಹಾಗಲ್ಲ, ಅದನ್ನು ಒಬ್ಬರು ತೀರ್ಮಾನಿಸಿ ಮಾಡಬೇಕು. ತಂದೆತಾಯಿಯನ್ನು ಕೈಬಿಟ್ಟ ಮಗ ಎನ್ನುತ್ತೇವೆಯೇ ಹೊರತು ಕೈತಪ್ಪಿಸಿಕೊಂಡ ಮಗ ಎನ್ನುವುದಿಲ್ಲ. ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಮಾತ್ರ ಕ್ಷೇತ್ರರಕ್ಷಕ ಕ್ಯಾಚ್ ‘ಕೈಚೆಲ್ಲಿದ’ ಎಂದು ಬರೆಯುತ್ತಾರೆ. ಕೈಚೆಲ್ಲುವುದೆಂದರೆ ಸೋಲೊಪ್ಪಿ ಸುಮ್ಮನಾಗುವುದು, ಇಲ್ಲವೇ ಇದ್ದದ್ದನ್ನು ಹಾಳುಮಾಡಿಕೊಳ್ಳುವುದು. ಕೈಯಿಂದ ಜಾರಿದ್ದನ್ನು ಅವನೇ ಚೆಲ್ಲಿದ ಎಂದು ಬರೆದಾಗ ವರದಿಯೊಳಗೇ ಒಂದು ತೀರ್ಪು ಸೇರಿಕೊಂಡಿರುತ್ತದೆ. ಅಭಿಮಾನಿಯ ಸಿಟ್ಟು ಮಾಡುವುದೂ ಇದನ್ನೇ. ಕೈತಪ್ಪಿದ್ದನ್ನು ಅದು ಕೈಬಿಟ್ಟದ್ದು ಎಂದು ಓದಿಕೊಳ್ಳುತ್ತದೆ.

ಡ್ರಾಪ್ ಎಂಬ ಎಣಿಕೆಯಲ್ಲೇ ಒಂದು ವಿಚಿತ್ರವಿದೆ. ಕಾಲೇಜು ಫುಟ್‌ಬಾಲಿನ ಅಧಿಕೃತ ಅಂಕಿಅಂಶಗಳಲ್ಲಿ ಅದು ಇಲ್ಲ. ಎಸೆದ ಚೆಂಡು ಯಾರ ಕೈಗೂ ಸಿಗದಿದ್ದರೆ ಅದನ್ನು ಕ್ವಾರ್ಟರ್‌ಬ್ಯಾಕ್‌ನ ಲೆಕ್ಕದಲ್ಲಿ ‘ಅಪೂರ್ಣ’ ಎಂದು ಬರೆಯುತ್ತಾರೆ. ಎಸೆತ ಕೆಟ್ಟದ್ದಾಗಿತ್ತೇ, ಎದುರಾಳಿ ತಟ್ಟಿದನೇ, ಕೈಗೆ ಬಂದದ್ದು ಜಾರಿತೇ ಎಂದು ಅಲ್ಲಿ ಕೇಳುವುದಿಲ್ಲ. ಡ್ರಾಪ್‌ಗಳನ್ನು ಎಣಿಸುವವರು ವಿಡಿಯೊ ನೋಡಿ ವಿಶ್ಲೇಷಿಸುವ ಖಾಸಗಿ ಸಂಸ್ಥೆಗಳವರು ಮತ್ತು ತಂಡದ ತರಬೇತುದಾರರು. ಹಾಗಾಗಿ ಒಬ್ಬರ ಲೆಕ್ಕ ಇನ್ನೊಬ್ಬರ ಲೆಕ್ಕಕ್ಕೆ ತಾಳೆಯಾಗದಿರುವುದು ಉಂಟು. ಕಾರಣ ಸರಳ. ಚೆಂಡು ನೆಲಕ್ಕೆ ಬಿತ್ತು ಎನ್ನುವುದನ್ನು ಕಣ್ಣು ಹೇಳುತ್ತದೆ. ಅದನ್ನು ಅವನು ಹಿಡಿಯಬೇಕಾಗಿತ್ತು ಎನ್ನುವುದನ್ನು ಕಣ್ಣು ಹೇಳಲಾರದು. ಆ ‘ಬೇಕಾಗಿತ್ತು’ ನೋಡುವವನ ಕಡೆಯಿಂದ ಬರುತ್ತದೆ. ಬೇಸ್‌ಬಾಲಿನಲ್ಲಿ ಇಂಥ ತೀರ್ಪಿಗೆಂದೇ ಒಬ್ಬ ಅಧಿಕೃತ ಸ್ಕೋರರ್ ಇರುತ್ತಾನೆ. ಸಾಮಾನ್ಯ ಪ್ರಯತ್ನದಿಂದ ಹಿಡಿಯಬಹುದಾಗಿದ್ದ ಚೆಂಡನ್ನು ಬಿಟ್ಟರೆ ಮಾತ್ರ ಅವನು ಅದನ್ನು ‘ಎರರ್’ ಎಂದು ಬರೆಯುತ್ತಾನೆ. ಕಾಲೇಜು ಫುಟ್‌ಬಾಲಿನಲ್ಲಿ ಅಂಥವನಿಲ್ಲದ ಕಾರಣ ಲಕ್ಷ ಜನ ಆ ಕೆಲಸವನ್ನು ತಾವೇ ವಹಿಸಿಕೊಂಡಿದ್ದಾರೆ.

ಈ ‘ಬೇಕಾಗಿತ್ತು’ವಿನೊಳಗೆ, ಬಯ್ಯುವವರು ಗಮನಿಸದ ಒಂದು ಹೊಗಳಿಕೆ ಅಡಗಿದೆ. ಕೈಗೆ ಬಂದ ಚೆಂಡು ಮಾತ್ರ ಕೈತಪ್ಪಬಲ್ಲದು. ಕೈಗೆ ಬರಬೇಕಾದರೆ ಅವನು ತನ್ನ ಮೇಲೆ ಕಣ್ಣಿಟ್ಟ ರಕ್ಷಣಾ ಆಟಗಾರನನ್ನು ದಾಟಿ, ಸರಿಯಾದ ಕ್ಷಣದಲ್ಲಿ ಸರಿಯಾದ ಜಾಗದಲ್ಲಿ ಇರಬೇಕು. ಆ ಜಾಗವನ್ನು ತಲುಪದೇ ಹೋದ ರಿಸೀವರ್‌ನ ಹೆಸರಿನಲ್ಲಿ ಯಾವ ಡ್ರಾಪೂ ದಾಖಲಾಗುವುದಿಲ್ಲ. ಅವನತ್ತ ಚೆಂಡೇ ಬರುವುದಿಲ್ಲ, ಅವನನ್ನು ಯಾರೂ ಬಯ್ಯುವುದೂ ಇಲ್ಲ. ಪರೀಕ್ಷೆಗೇ ಕೂರದವನು ನಪಾಸಾಗುವುದಿಲ್ಲವಲ್ಲ, ಹಾಗೆ. ಎಷ್ಟು ಬಿಟ್ಟ ಎಂದು ಎಣಿಸುವವರು, ಎಷ್ಟು ಸಲ ಅಲ್ಲಿದ್ದ ಎಂಬುದನ್ನೂ ಎಣಿಸಿದರೆ ಅದೇ ಅಂಕಿ ಬೇರೆಯದೇ ಕತೆ ಹೇಳೀತು.

ಇನ್ನು, ಆ ಕ್ಷಣದ ಒಳಗೆ ಏನಾಗುತ್ತದೆ ಎಂದು ನೋಡೋಣ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ಎಸೆತ 20 ಗಜ ದಾಟಲು ಒಂದು ಸೆಕೆಂಡೂ ಹಿಡಿಯದು. ಎಷ್ಟೋ ಸಲ ರಿಸೀವರ್ ತಿರುಗಿ ನೋಡುವ ಮೊದಲೇ ಚೆಂಡು ಹೊರಟಿರುತ್ತದೆ. ಹಿಡಿದ ಮರುಕ್ಷಣ ಮೈಮೇಲೆ ಬಂದು ಬೀಳುವವನ ಹೆಜ್ಜೆಯ ಸದ್ದು ಕಿವಿಗೆ ಬಿದ್ದಿರುತ್ತದೆ. ಬಹಳಷ್ಟು ಚೆಂಡುಗಳು ಜಾರುವುದು ಕೈ ದುರ್ಬಲವಾಗಿದ್ದಕ್ಕಲ್ಲ. ಚೆಂಡು ಪೂರ್ತಿ ಕೈಸೇರುವ ಮೊದಲೇ ಕಣ್ಣು ಓಡಬೇಕಾದ ದಿಕ್ಕಿಗೆ ಹೊರಳಿದ್ದಕ್ಕೆ. ಎರಡನೆಯ, ಮೂರನೆಯ ಡ್ರಾಪ್ ಬರುವ ದಾರಿ ಬೇರೆ. ಸಯಾನ್ ಬೈಲಾಕ್ ಎಂಬ ಮನಶ್ಶಾಸ್ತ್ರಜ್ಞೆ ಥಾಮಸ್ ಕಾರ್ ಜೊತೆ ಸೇರಿ ಗಾಲ್ಫ್ ಹೊಡೆತಗಳ ಮೇಲೆ ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಒತ್ತಡ ಬಿದ್ದಾಗ ಮನಸ್ಸು ತಾನಾಗಿ ನಡೆಯುತ್ತಿದ್ದ ಕೌಶಲವನ್ನು ಹೆಜ್ಜೆಹೆಜ್ಜೆಗೂ ಗಮನಿಸತೊಡಗುತ್ತದೆ, ಆ ಗಮನವೇ ಕೌಶಲವನ್ನು ಕೆಡಿಸುತ್ತದೆ ಎಂಬ ವಿವರಣೆಯನ್ನು ಆ ಅಧ್ಯಯನ ಬಲಪಡಿಸಿತು. ಮೆಟ್ಟಿಲು ಇಳಿಯುವಾಗ ಯಾವ ಕಾಲು ಮುಂದೆ ಎಂದು ಯೋಚಿಸಿದವನೇ ಎಡವುವುದು. ಹಾಗಾದರೆ ‘ಇದನ್ನಾದರೂ ಹಿಡಿಯೋ’ ಎಂದು ಲಕ್ಷ ಜನ ಕೂಗುವಾಗ, ಆ ಕೂಗು ಮುಂದಿನ ಡ್ರಾಪ್‌ನ ಕಾರಣಗಳಲ್ಲಿ ಒಂದಾಗುವ ಸಾಧ್ಯತೆ ಇದೆ. ಕಾರಣದಲ್ಲಿ ಪಾಲುಗಾರನಾದವನು ತೀರ್ಪುಗಾರನ ಕುರ್ಚಿಯಲ್ಲಿ ಕೂರುವುದು ಹೇಗೆ?

ಅದೃಷ್ಟದ ಮಾತನ್ನೂ ಬಿಡುವಂತಿಲ್ಲ. ಇಬ್ಬರು ರಿಸೀವರ್‌ಗಳು ಒಂದೇ ರೀತಿಯ ಎಸೆತವನ್ನು ಒಂದೇ ರೀತಿ ತಪ್ಪಿಸಿಕೊಂಡರು ಎಂದುಕೊಳ್ಳಿ. ಒಬ್ಬನ ಬೆರಳಿಗೆ ತಾಗಿದ ಚೆಂಡು ನೆಲಕ್ಕೆ ಬಿತ್ತು. ಇನ್ನೊಬ್ಬನ ಬೆರಳಿಗೆ ತಾಗಿದ್ದು ಮೇಲಕ್ಕೆ ಚಿಮ್ಮಿ ಎದುರಾಳಿಯ ಕೈಸೇರಿ ಪಂದ್ಯವೇ ಹೋಯಿತು. ಇಬ್ಬರ ಬೆರಳು ಮಾಡಿದ್ದು ಒಂದೇ. ಮೊದಲನೆಯವನನ್ನು ಭಾನುವಾರದ ಹೊತ್ತಿಗೆ ಮರೆತಿರುತ್ತಾರೆ, ಎರಡನೆಯವನನ್ನು ಹತ್ತು ವರ್ಷವಾದರೂ ಮರೆಯುವುದಿಲ್ಲ. ಥಾಮಸ್ ನೇಗಲ್ ಮತ್ತು ಬರ್ನಾರ್ಡ್ ವಿಲಿಯಮ್ಸ್ 1970ರ ದಶಕದಲ್ಲಿ ‘ನೈತಿಕ ಅದೃಷ್ಟ’ ಎಂದು ಕರೆದ ಸಮಸ್ಯೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ನಮ್ಮ ಹಿಡಿತದಲ್ಲಿ ಇಲ್ಲದ್ದಕ್ಕೆ ನಮ್ಮನ್ನು ಹೊಣೆ ಮಾಡುವುದು ನ್ಯಾಯವಲ್ಲ ಎಂದು ಎಲ್ಲರೂ ಒಪ್ಪುತ್ತೇವೆ. ಆದರೆ ನಮ್ಮ ಹೊಗಳಿಕೆ, ತೆಗಳಿಕೆಗಳೆಲ್ಲ ನಡೆಯುವುದು ಹಿಡಿತದಲ್ಲಿ ಇಲ್ಲದ ಫಲಿತಾಂಶದ ಮೇಲೆಯೇ.

ಜಾಕಿ ಸ್ಮಿತ್ ಎಂಬ ವೃತ್ತಿಪರ ಆಟಗಾರನ ಹೆಸರು ಅಮೆರಿಕದಲ್ಲಿ ಇಂದಿಗೂ ಒಂದು ಡ್ರಾಪ್‌ಗೆ ಅಂಟಿಕೊಂಡಿದೆ. 1979ರ ಜನವರಿ 21ರಂದು ನಡೆದ ಸೂಪರ್‌ ಬೌಲ್ ಫೈನಲ್ಲಿನಲ್ಲಿ, ಡಲ್ಲಾಸ್ ತಂಡದ ಪರವಾಗಿ ಆಡುತ್ತಿದ್ದ ಆತ ಅಂಕಣದ ಕೊನೆಯ ವಲಯದಲ್ಲಿ ಒಬ್ಬನೇ ನಿಂತಿದ್ದ. ಸುತ್ತ ಯಾರೂ ಇರಲಿಲ್ಲ. ಚೆಂಡು ಬಂತು, ಜಾರಿತು. ಪಂದ್ಯವನ್ನು ಪಿಟ್ಸ್‌ಬರ್ಗ್ 35-31ರಿಂದ ಗೆದ್ದಿತು, ನಾಲ್ಕು ಅಂಕಗಳ ಅಂತರದಲ್ಲಿ. ಆತ ವೃತ್ತಿಜೀವನದಲ್ಲಿ ಹಿಡಿದ ಎಸೆತಗಳು 480. 1994ರಲ್ಲಿ ವೃತ್ತಿಪರ ಫುಟ್‌ಬಾಲಿನ ‘ಹಾಲ್ ಆಫ್ ಫೇಮ್’ ಗೌರವವೂ ಸಂದಿತು. ಆದರೂ ಟಿವಿಯಲ್ಲಿ ಮತ್ತೆ ಮತ್ತೆ ತೋರಿಸುವುದು 481ನೆಯದಾಗಬೇಕಿದ್ದ ಆ ಒಂದನ್ನೇ. ಹಿಡಿದದ್ದು ಅಂಕಿಯಾಗಿ ಉಳಿಯುತ್ತದೆ, ಬಿಟ್ಟದ್ದು ಚಿತ್ರವಾಗಿ ಉಳಿಯುತ್ತದೆ. ನಮ್ಮ ನೆನಪಿಗೆ ಚಿತ್ರವೇ ಹೆಚ್ಚು ಪ್ರಿಯ.

ಹಾಗಾದರೆ ಎಲ್ಲವೂ ಅದೃಷ್ಟ, ಯಾರದೂ ತಪ್ಪಿಲ್ಲ ಎಂದುಬಿಡೋಣವೇ? ಈ ದಾರಿ ದಯೆಯಂತೆ ಕಾಣುತ್ತದೆ, ಆದರೆ ಆಟಗಾರನಿಗೆ ಇದೂ ಅನ್ಯಾಯವೇ. ಬಿಟ್ಟದ್ದು ಅವನದಲ್ಲವೆಂದರೆ ಹಿಡಿದದ್ದೂ ಅವನದಲ್ಲ. ಪಿ.ಎಫ್. ಸ್ಟ್ರಾಸನ್ 1962ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿಕೊಟ್ಟ ಹಾಗೆ, ಒಬ್ಬರ ಮೇಲೆ ಸಿಟ್ಟಾಗುವುದು, ಕೃತಜ್ಞರಾಗುವುದು, ಮುನಿಸಿಕೊಳ್ಳುವುದು ಅವರನ್ನು ಮನುಷ್ಯರೆಂದು ಕಾಣುವ ರೀತಿಗಳು. ಯಾವುದಕ್ಕೂ ಹೊಣೆ ಮಾಡದೆ ಬರೀ ಸಂಭಾಳಿಸುವುದು ರೋಗಿಯನ್ನೋ ಯಂತ್ರವನ್ನೋ ಕಾಣುವ ರೀತಿ. ಆದರೆ ಸಿಟ್ಟಿಗೆ ಒಂದು ಷರತ್ತು ಉಂಟೆಂಬುದು ಅದೇ ವಾದದಿಂದ ಹೊರಡುತ್ತದೆ. ಸಿಟ್ಟು ಉತ್ತರಿಸುವುದು ಇನ್ನೊಬ್ಬರ ಮನೋಭಾವಕ್ಕೆ. ಬೇಕೆಂದು ಕಾಲು ತುಳಿದವನ ಮೇಲೂ ಬಸ್ಸು ಅಲುಗಿದಾಗ ತುಳಿದವನ ಮೇಲೂ ನಾವು ಒಂದೇ ರೀತಿ ಸಿಟ್ಟಾಗುವುದಿಲ್ಲ. ನೋವು ಮಾತ್ರ ಎರಡರಲ್ಲೂ ಅಷ್ಟೇ. ಚೆಂಡು ಬಿಟ್ಟ ಹುಡುಗ ಆ ಚೆಂಡನ್ನು ಹಿಡಿಯಬೇಕೆಂದು ಆ ಕ್ರೀಡಾಂಗಣದ ಯಾರಿಗಿಂತಲೂ ಹೆಚ್ಚು ಬಯಸಿದ್ದವನು. ಅವನ ಮನೋಭಾವದಲ್ಲಿ ದೋಷವಿರಲಿಲ್ಲ. ಹಾಗಾಗಿ ಅಭಿಮಾನಿಯ ದುಃಖ ಸಾಚಾ, ಆದರೆ ಆ ದುಃಖ ದೂರಾಗಿ ಬದಲಾಗಲು ಬೇಕಾದದ್ದು ಅಲ್ಲಿಲ್ಲ.

ಇಲ್ಲಿ ವಿಲಿಯಮ್ಸ್‌ನ ಒಂದು ಉದಾಹರಣೆ ನೆನಪಾಗುತ್ತದೆ. ತನ್ನದೇನೂ ತಪ್ಪಿಲ್ಲದೆ ಒಂದು ಮಗುವಿಗೆ ಡಿಕ್ಕಿ ಹೊಡೆದ ಲಾರಿ ಚಾಲಕನ ಉದಾಹರಣೆ. ನಿನ್ನ ತಪ್ಪಲ್ಲ ಎಂದು ಎಲ್ಲರೂ ಅವನನ್ನು ಸಮಾಧಾನ ಮಾಡುತ್ತಾರೆ, ಮಾಡಬೇಕು ಕೂಡ. ಆದರೆ ಅವನು ‘ಹೌದಲ್ಲ, ನನ್ನ ತಪ್ಪಲ್ಲ’ ಎಂದು ಕೂಡಲೇ ನಿರಾಳನಾದರೆ ಅವನಲ್ಲೇನೋ ಕೊರತೆಯಿದೆ ಎನಿಸುತ್ತದೆ. ದಾರಿಹೋಕನಿಗೆ ಆಗದ ಒಂದು ಸಂಕಟ ಅವನಿಗೆ ಆಗಬೇಕು. ಚೆಂಡು ಬಿಡುವುದು ಅಂಥ ದುರಂತವೇನಲ್ಲ, ಆದರೆ ಸಂಬಂಧದ ಆಕಾರ ಅದೇ. ಪಂದ್ಯ ಮುಗಿದ ಮೇಲೆ ಎಷ್ಟೋ ರಿಸೀವರ್‌ಗಳು ಮೈಕಿನ ಮುಂದೆ ನಿಂತು ಅದು ನನ್ನದೇ ತಪ್ಪು ಎನ್ನುತ್ತಾರೆ. ಅವನು ಹಾಗೆನ್ನುವುದು ಸರಿ. ಆದರೆ ಕೇಳಿಸಿಕೊಂಡ ನಾವು ‘ಹೌದು, ನಿನ್ನದೇ’ ಎನ್ನುವುದು ಸರಿಯಲ್ಲ. ಒಂದೇ ವಾಕ್ಯ ಒಬ್ಬರ ಬಾಯಲ್ಲಿ ಘನತೆಯಾಗಿ, ಇನ್ನೊಬ್ಬರ ಬಾಯಲ್ಲಿ ಕ್ರೌರ್ಯವಾಗುವುದು ನೀತಿಯ ಲೋಕದಲ್ಲಿ ವಿರಳವೇನಲ್ಲ. ಮನೆಗೆ ಬಂದ ಅತಿಥಿ ‘ನಿಮಗೆ ತೊಂದರೆ ಕೊಟ್ಟೆ’ ಎಂದಾಗ ‘ಹೌದು, ಕೊಟ್ಟಿರಿ’ ಎನ್ನುವವರನ್ನು ನಾವು ಸತ್ಯವಂತರೆಂದು ಹೊಗಳುವುದಿಲ್ಲ.

ಎರಡು ಆಕ್ಷೇಪಗಳು ಉಳಿಯುತ್ತವೆ. ಮೊದಲನೆಯದು: ಅವನು ಅಭ್ಯಾಸದಲ್ಲಿ ಅಸಡ್ಡೆ ಮಾಡಿದ್ದರೆ? ಆಗ ಅದು ಬರೀ ಕೈತಪ್ಪಿದ್ದಲ್ಲ, ನಿಜ. ಆದರೆ ಅಸಡ್ಡೆಯನ್ನು ತಿಳಿಯುವುದು ಅಭ್ಯಾಸವನ್ನು ಕಂಡವರಿಗೆ ಮಾತ್ರ ಸಾಧ್ಯ. ಎಲ್ಲರೂ ಮನೆಗೆ ಹೋದ ಮೇಲೂ ಚೆಂಡೆಸೆಯುವ ಯಂತ್ರದ ಮುಂದೆ ನಿಂತು ಅವನು ನೂರಾರು ಚೆಂಡು ಹಿಡಿದನೋ ಇಲ್ಲವೋ ಎನ್ನುವುದು ತರಬೇತುದಾರನಿಗೆ ಗೊತ್ತು, ಜೊತೆಯವರಿಗೆ ಗೊತ್ತು. ಬಯ್ಯುವ ಹಕ್ಕಿದ್ದರೆ ಅವರಿಗಿದೆ. ಟಿವಿಯಲ್ಲಿ ಕಂಡದ್ದು ಮೂರು ಸೆಕೆಂಡು. ಆ ಮೂರು ಸೆಕೆಂಡಿನಿಂದ ವಾರವಿಡೀ ಏನಾಯಿತೆಂದು ತಿಳಿದುಕೊಳ್ಳುವುದು, ಮಗ್ಗಿಯಲ್ಲಿ ಒಂದು ತಪ್ಪಿದ ಮಗುವನ್ನು ಶಾಲೆಗೇ ಹೋಗಿಲ್ಲ ಎಂದಂತೆ.

ಎರಡನೆಯ ಆಕ್ಷೇಪ ಹಣದ್ದು, ಇದು ಹೊಸತು. ಬಹಳ ಕಾಲ ಈ ಆಟಗಾರರು ಹವ್ಯಾಸಿಗಳು. ವಿದ್ಯಾರ್ಥಿವೇತನದ ಹೊರತು ಅವರಿಗೆ ಹಣ ಸಲ್ಲುವಂತಿರಲಿಲ್ಲ. ಕಾಲೇಜು ಕ್ರೀಡೆಗಳ ಆಡಳಿತ ನಡೆಸುವ ಎನ್‌ಸಿಎಎ 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ದುಡಿಯಲು ಅವಕಾಶ ಕೊಟ್ಟಿತು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ತಮ್ಮ ಕ್ರೀಡಾ ಆದಾಯದಲ್ಲಿ ಒಂದು ಪಾಲನ್ನು, ಮೊದಲ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರಿನವರೆಗೆ, ಆಟಗಾರರಿಗೆ ನೇರವಾಗಿ ಹಂಚಲು ಅವಕಾಶವಾಯಿತು. ಹಣ ತೆಗೆದುಕೊಂಡ ಮೇಲೆ ಬೈಗುಳವನ್ನೂ ತೆಗೆದುಕೊಳ್ಳಬೇಕು ಎಂಬ ಮಾತು ಈಗ ಕೇಳಿಬರುತ್ತದೆ. ಸಂಬಳ ಕೊಡುವವರು ಕೆಲಸ ಸರಿಯಿಲ್ಲವೆಂದು ಹೇಳಬಹುದು, ಒಪ್ಪಂದ ಮುಗಿಸಬಹುದು. ಅದು ವ್ಯವಹಾರ. ಆದರೆ ಸಂಬಳ ಕೊಂಡುಕೊಳ್ಳುವುದು ಕೆಲಸವನ್ನು. ಅವಮಾನ ಮಾಡುವ ಹಕ್ಕು ಅದರೊಳಗೆ ಸೇರಿಲ್ಲ. ಬ್ಯಾಂಕಿನ ಗುಮಾಸ್ತನ ಕೈಲಿ ಲೆಕ್ಕ ತಪ್ಪಿದರೆ ಅವನ ಅಮ್ಮನನ್ನು ಬಯ್ಯಬಹುದೆಂದು ಯಾವ ಗ್ರಾಹಕನೂ ವಾದಿಸುವುದಿಲ್ಲ.

ಹಣದ ಇನ್ನೊಂದು ದಾರಿ ಇದಕ್ಕಿಂತ ಅಪಾಯದ್ದು. 2018ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬಾಜಿಗೆ ಅಡ್ಡವಾಗಿದ್ದ 1992ರ ಕಾನೂನನ್ನು ರದ್ದುಮಾಡಿತು. ಆ ಬಳಿಕ ಹಲವು ರಾಜ್ಯಗಳಲ್ಲಿ ಬಾಜಿ ಕಾನೂನುಬದ್ಧವಾಯಿತು. ಯಾವ ತಂಡ ಗೆಲ್ಲುತ್ತದೆ ಎನ್ನುವುದರ ಮೇಲಷ್ಟೇ ಅಲ್ಲ, ಒಬ್ಬ ರಿಸೀವರ್ ಎಷ್ಟು ಚೆಂಡು ಹಿಡಿಯುತ್ತಾನೆ, ಎಷ್ಟು ಗಜ ಓಡುತ್ತಾನೆ ಎನ್ನುವುದರ ಮೇಲೂ ಹಣ ಕಟ್ಟಬಹುದು. ಕಾಲೇಜು ಆಟಗಾರರ ಮೇಲೆ ಕಟ್ಟುವ ಇಂಥ ಬಾಜಿಯನ್ನಾದರೂ ನಿಷೇಧಿಸಿ ಎಂದು ಎನ್‌ಸಿಎಎ ಅಧ್ಯಕ್ಷ ಚಾರ್ಲಿ ಬೇಕರ್ 2024ರಲ್ಲಿ ರಾಜ್ಯಗಳನ್ನು ಕೇಳಿಕೊಂಡರು. ಅದೇ ವರ್ಷ ಎನ್‌ಸಿಎಎ ಹೊರತಂದ ಅಧ್ಯಯನವೊಂದು ಹಲವು ಕ್ರೀಡೆಗಳಿಗೆ ಸಂಬಂಧಿಸಿದ 13 ಲಕ್ಷಕ್ಕೂ ಹೆಚ್ಚು ಸಂದೇಶಗಳನ್ನು ಜಾಲಾಡಿ, 5,000ಕ್ಕೂ ಹೆಚ್ಚು ನಿಂದನೆ ಮತ್ತು ಬೆದರಿಕೆಗಳನ್ನು ಗುರುತಿಸಿತು. ಅವುಗಳಲ್ಲಿ ಶೇ 12ರಷ್ಟು ಬಾಜಿಗೆ ಸಂಬಂಧಿಸಿದ್ದವು. ಬಾಜಿ ಕಟ್ಟಿದವನು ತಾನು ಆ ಹುಡುಗನಿಗೆ ಸಾಲ ಕೊಟ್ಟವನಂತೆ ವರ್ತಿಸುತ್ತಾನೆ. ಆದರೆ ಆ ಹುಡುಗ ಅವನಿಂದ ಏನನ್ನೂ ಪಡೆದಿಲ್ಲ, ಅವನಿಗೆ ಯಾವ ಮಾತನ್ನೂ ಕೊಟ್ಟಿಲ್ಲ. ಅದಕ್ಕೂ ಮಿಗಿಲಾಗಿ, ಚೆಂಡು ಕೈತಪ್ಪಲು ಸಾಧ್ಯವೇ ಇಲ್ಲವೆಂದಿದ್ದರೆ ಬಾಜಿಯೇ ಇರುತ್ತಿರಲಿಲ್ಲ. ಅವನು ಹಣ ಕೊಟ್ಟು ಕೊಂಡದ್ದೇ ಆ ಅನಿಶ್ಚಯವನ್ನು. ಕೊಂಡ ಮಾಲು ಕೈಗೆ ಬಂದಾಗ ಮೋಸವಾಯಿತು ಎನ್ನುವುದು ಯಾವ ಸಂತೆಯ ನ್ಯಾಯ?

ಬಾಜಿ ಕಟ್ಟದ, ಬರೀ ಪ್ರೀತಿಯಿಂದ ನೋಡುವ ಅಭಿಮಾನಿಯ ಪ್ರಶ್ನೆ ಇನ್ನೂ ಸೂಕ್ಷ್ಮ. ‘ಅಭಿಮಾನಿ’ ಎಂಬ ಪದವನ್ನೇ ನೋಡಿ. ಸಾಂಖ್ಯ ದರ್ಶನದಲ್ಲಿ ಅಭಿಮಾನವೇ ಅಹಂಕಾರದ ಲಕ್ಷಣ. ‘ನಾನು’, ‘ನನ್ನದು’ ಎಂದು ಅಂಟಿಸಿಕೊಳ್ಳುವ ಕೆಲಸ ಅದರದು. ಕಾವ್ಯಮೀಮಾಂಸೆ ನೋಡುಗನಿಗೆ ಬೇರೆ ಹೆಸರು ಕೊಟ್ಟಿದೆ, ಸಹೃದಯ. ಭಟ್ಟನಾಯಕ ಹೇಳುವ ಸಾಧಾರಣೀಕರಣದಲ್ಲಿ ಸಹೃದಯನ ಭಾವ ನನ್ನದು, ಶತ್ರುವಿನದು ಎಂಬ ಗುರುತುಗಳನ್ನು ಕಳಚಿಕೊಂಡು ಎಲ್ಲರದ್ದಾಗುತ್ತದೆ. ರಂಗದ ಮೇಲಿನ ಶೋಕ ರಸವಾಗುವುದು ಹೀಗೆ. ಆದರೆ ಕ್ರೀಡಾಂಗಣದಲ್ಲಿ ಎಲ್ಲರೂ ಸಹೃದಯರಾಗಿ ಕೂರಿ ಎಂದು ಕೇಳಲಾಗದು, ಕೇಳಬಾರದು. ಎರಡೂ ತಂಡಗಳನ್ನು ಸಮನಾಗಿ ಮೆಚ್ಚುತ್ತಾ ಕೂತವನಿಗೆ ಆಟದ ಅರ್ಧ ಸುಖ ಸಿಕ್ಕುವುದಿಲ್ಲ. ನಮ್ಮದು ಎಂದು ಅಂಟಿಸಿಕೊಂಡವನಿಗೇ ಎದೆ ಹೊಡೆದುಕೊಳ್ಳುವುದು. ಹಾಗಾಗಿ ನಾನು ಅಭಿಮಾನವನ್ನು ಬಿಡಿ ಎನ್ನುತ್ತಿಲ್ಲ, ಅಭಿಮಾನ ಪೂರ್ತಿಯಾಗಿರಲಿ ಎನ್ನುತ್ತಿದ್ದೇನೆ.

ಪೂರ್ತಿಯಾಗಿರುವುದಿಲ್ಲ ಎನ್ನುವುದಕ್ಕೆ ಸಾಕ್ಷಿ ಇದೇ ಕಾಲೇಜು ಫುಟ್‌ಬಾಲಿನಲ್ಲಿದೆ. ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ಏಳು ವಿಶ್ವವಿದ್ಯಾಲಯಗಳ ತರಗತಿಗಳಲ್ಲಿ ಸೋಮವಾರ ಯಾರು ಯಾವ ಬಟ್ಟೆ ತೊಟ್ಟಿದ್ದಾರೆ ಎಂದು ಗಮನಿಸಲಾಯಿತು. ಶನಿವಾರ ತಂಡ ಗೆದ್ದಿದ್ದರೆ ಕಾಲೇಜಿನ ಹೆಸರು, ಲಾಂಛನಗಳಿರುವ ಬಟ್ಟೆ ತೊಟ್ಟವರು ಹೆಚ್ಚು. ಫೋನ್ ಮಾಡಿ ಪಂದ್ಯದ ಬಗ್ಗೆ ಕೇಳಿದಾಗ, ಗೆಲುವನ್ನು ಹೇಳುವಾಗ ‘ನಾವು’ ಎಂದವರು ಸೋಲನ್ನು ಹೇಳುವಾಗ ಹಾಗೆಂದವರಿಗಿಂತ ಹೆಚ್ಚು. ಅಭಿಮಾನಿಯ ವ್ಯಾಕರಣ ಇದು: ಗೆದ್ದರೆ ಉತ್ತಮ ಪುರುಷ, ಸೋತರೆ ಪ್ರಥಮ ಪುರುಷ. ‘ಈ ಸಲ ಕಪ್ ನಮ್ದೇ’ ಎಂದು ವರ್ಷವರ್ಷವೂ ಕೂಗಿದ ನಮಗೆ ಈ ‘ನಮ್ದೇ’ಯ ಬಿಸಿ ಗೊತ್ತು. ಕಪ್ ನಮ್ಮದಾದರೆ ಜಾರಿದ ಚೆಂಡೂ ನಮ್ಮದೇ ಆಗಬೇಕಲ್ಲ? ನಾವು ಗೆದ್ದೆವು ಎನ್ನುವ ಬಾಯಿ ಅವನು ಸೋಲಿಸಿದ ಎಂದರೆ, ಅದು ಲಾಭದಲ್ಲಿ ಪಾಲು ಕೇಳಿ ನಷ್ಟದಲ್ಲಿ ಅಂಗಡಿ ಬಾಗಿಲು ಹಾಕಿಕೊಂಡ ಪಾಲುದಾರನ ಮಾತು.

ಆ ವ್ಯಾಕರಣ ಎಲ್ಲಿಗೆ ಮುಟ್ಟಬಲ್ಲದೆಂದು ನಾವೂ ಕಂಡಿದ್ದೇವೆ. 2022ರ ಸೆಪ್ಟೆಂಬರ್ 4ರಂದು ದುಬೈಯಲ್ಲಿ ಪಾಕಿಸ್ತಾನದ ವಿರುದ್ಧದ ಏಷ್ಯಾ ಕಪ್ ಪಂದ್ಯದಲ್ಲಿ ಅರ್ಷದೀಪ್ ಸಿಂಗ್ ಒಂದು ಕ್ಯಾಚ್ ಬಿಟ್ಟರು. ಪಂದ್ಯ ಸೋತ ಕೂಡಲೇ ಅವರ ವಿಕಿಪೀಡಿಯ ಪುಟವನ್ನು ತಿದ್ದಿ ಅವರನ್ನು ಖಾಲಿಸ್ತಾನದ ಜೊತೆ ಜೋಡಿಸಿದ್ದರು. ಅದು ಆಟದ ಟೀಕೆಯಾಗಿರಲಿಲ್ಲ, ಅವರನ್ನು ‘ನಾವು’ ಎಂಬುದರಿಂದಲೇ ಹೊರಹಾಕುವ ಯತ್ನವಾಗಿತ್ತು. 2024ರ ಟಿ20 ವಿಶ್ವಕಪ್ಪಿನಲ್ಲಿ 17 ವಿಕೆಟ್ ಪಡೆದಾಗ ಅದೇ ಅರ್ಷದೀಪ್ ನಮ್ಮ ಹುಡುಗ. ಅಮೆರಿಕದ ಕರಿಯ ರಿಸೀವರ್‌ನ ಮೈಬಣ್ಣ ಚೆಂಡು ಬಿಟ್ಟ ದಿನ ಮಾತ್ರ ಮಾತಿಗೆ ಬರುವುದೂ ಇದೇ ಕಾರಣಕ್ಕೆ. ಸೋಲಿನ ದಿನ ‘ನಾವು’ ಕುಗ್ಗುತ್ತದೆ. ಕುಗ್ಗುವಾಗ ಮೊದಲು ಹೊರಗೆ ಬೀಳುವವರು ಮೊದಲಿನಿಂದಲೂ ಅಂಚಿನಲ್ಲಿ ಇದ್ದವರು.

ಚೆಂಡು ಬಿಟ್ಟವನು ಯಾರನ್ನು ದೂರಬೇಕು? 2010ರ ನವೆಂಬರ್ 28ರಂದು ಬಫಲೊ ತಂಡದ ರಿಸೀವರ್ ಸ್ಟೀವಿ ಜಾನ್ಸನ್, ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಚೆಂಡನ್ನೇ ಬಿಟ್ಟು, ಟ್ವಿಟರ್‌ನಲ್ಲಿ ದೇವರನ್ನೇ ತರಾಟೆಗೆ ತೆಗೆದುಕೊಂಡರು. ಸದಾ ನಿನ್ನನ್ನು ಹೊಗಳುವವನಿಗೆ ನೀನು ಹೀಗೆ ಮಾಡುವುದೇ ಎಂಬುದು ದೂರಿನ ಸಾರ. ಅಮೆರಿಕ ನಕ್ಕಿತು. ದಾಸರ ನಿಂದಾಸ್ತುತಿಯನ್ನು ಕೇಳಿ ಬೆಳೆದವರಿಗೆ ಅದರಲ್ಲಿ ಅಂಥ ವಿಚಿತ್ರವೇನೂ ಕಾಣದು. ದೇವರನ್ನು ಬಯ್ದ ಭಕ್ತ ಮರುದಿನವೂ ಅದೇ ಗುಡಿಯ ಮುಂದೆ ನಿಂತಿರುತ್ತಾನೆ. ಅವನ ಬೈಗುಳ ಸಂಬಂಧದ ಒಳಗಿನದು, ಅದರಲ್ಲಿ ಕೈಬಿಡುವ ಮಾತಿಲ್ಲ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರು ಎಂದು ಕರೆದರು. ಅದು ಕಲಾವಿದನೊಬ್ಬನ ವಿನಯ. ಅದನ್ನು ಅಭಿಮಾನಿ ತನ್ನ ಅಧಿಕಾರಪತ್ರ ಎಂದುಕೊಂಡರೆ ಕಷ್ಟ. ಒಂದು ಪಕ್ಷ ಅಧಿಕಾರವೇ ಇದ್ದರೂ, ದೇವರ ಕೆಲಸ ಕೈಹಿಡಿಯುವುದೆಂದೇ ನಾವು ನಂಬಿರುವುದು.

ಅದೇ ಬಫಲೊ ಊರಿನ ಇನ್ನೊಂದು ದಿನವಿದೆ. 1991ರ ಜನವರಿ 27ರಂದು ಸೂಪರ್‌ ಬೌಲ್ ಪಂದ್ಯದ ಕೊನೆಯ ಕ್ಷಣಗಳಲ್ಲಿ ಸ್ಕಾಟ್ ನಾರ್ವುಡ್ ಒದ್ದ 47 ಗಜದ ಚೆಂಡು ಗೋಲುಕಂಬದ ಬಲಕ್ಕೆ ಸರಿದುಹೋಯಿತು. ಬಫಲೊ 20-19ರಿಂದ, ಒಂದೇ ಅಂಕದಿಂದ ಸೋತಿತು. ಮರುದಿನ ನಯಾಗರ ಚೌಕದಲ್ಲಿ ತಂಡವನ್ನು ಎದುರುಗೊಳ್ಳಲು ಸಾವಿರಾರು ಜನ ಸೇರಿದ್ದರು. ಅವರು ಬೇರೆ ಆಟಗಾರರನ್ನು ಬಿಟ್ಟು ನಾರ್ವುಡ್ ಬರಲಿ ಎಂದು ಕೂಗತೊಡಗಿದರು. ಆತ ಬಂದು ಮೈಕು ಹಿಡಿದು, ತನಗೆ ಇಷ್ಟು ಪ್ರೀತಿ ಹಿಂದೆಂದೂ ಸಿಕ್ಕಿರಲಿಲ್ಲ ಎಂಬರ್ಥದ ಮಾತಾಡಿದ. ಆ ಜನಕ್ಕೆ ದುಃಖವಿರಲಿಲ್ಲವೇ? ಇತ್ತು, ಇಲ್ಲದಿದ್ದರೆ ಆ ಚಳಿಯಲ್ಲಿ ಅವರು ಅಲ್ಲಿಗೆ ಬರುತ್ತಿರಲಿಲ್ಲ. ಚೆಂಡು ತಪ್ಪಿದ್ದು ನಾರ್ವುಡ್‌ನ ಆಯ್ಕೆಯಾಗಿರಲಿಲ್ಲ. ಮರುದಿನ ಏನು ಕೂಗಬೇಕೆನ್ನುವುದು ಅವರ ಆಯ್ಕೆಯಾಗಿತ್ತು. ಇಡೀ ಪ್ರಸಂಗದಲ್ಲಿ ನೀತಿಯ ತಕ್ಕಡಿಗೆ ಬರಬಹುದಾದ ಕೆಲಸ ಯಾವುದಾದರೂ ಇದ್ದರೆ ಅದು ಅವರದೇ.

ಕಾಲೇಜಿನ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಕೆಲವರು ಒಂದು ಕೆಲಸ ಮಾಡುತ್ತಾರೆ. ಚೆಂಡು ಬಿಟ್ಟ ರಿಸೀವರ್‌ಗೆ, ಹೆಚ್ಚು ತಡಮಾಡದೆ, ಇನ್ನೊಂದು ಚೆಂಡು ಎಸೆಯುತ್ತಾರೆ. ಅದೂ ಜಾರಬಹುದು ಎಂದು ಗೊತ್ತಿದ್ದೇ ಎಸೆಯುತ್ತಾರೆ. ಅಭಿಮಾನಿಯ ಕೈಯಲ್ಲಿ ಚೆಂಡಿಲ್ಲ, ಅವನಿಂದ ಅಷ್ಟಾಗದು. ಆದರೆ ಮೈದಾನದ ಅಂಚಿನಲ್ಲಿ ತಲೆತಗ್ಗಿಸಿ ಕೂತಿರುವ ಹುಡುಗ ಸೋಮವಾರ ಬೆಳಿಗ್ಗೆ ಅದೇ ಊರಿನ ಅದೇ ತರಗತಿಗೆ ಹೋಗಬೇಕಾದವನು. ಅವನ ಪಕ್ಕದ ಬೆಂಚಿನಲ್ಲಿ ಶನಿವಾರ ಅಭಿಮಾನಿಗಳ ಗುಂಪಿನಲ್ಲಿ ನಿಂತು ಕೂಗಿದ ಯಾರೋ ಇರುತ್ತಾರೆ. ಅವರು ಕಾಲೇಜಿನ ಹೆಸರಿರುವ ಅಂಗಿಯನ್ನು ಆ ಸೋಮವಾರವೂ ತೊಟ್ಟು ಬಂದಿದ್ದರೆ ಸಾಕು. ಅವನಿಗೆ ಬೇರೇನೂ ಹೇಳಬೇಕಾಗಿಲ್ಲ.